ಓರೆಗೆ ಒಂದೇ ದಾರ

ತಮ್ಮಾ,

ಮೇಲವಂಕಿಯ ಆ ಹಳೆ ಮನೆಗೆ ಎತ್ತರದ ಅಟ್ಟಣಿಗೆ ಕೂಡಿಸುವ ನಿನ್ನ ನಕ್ಷೆ ನೋಡಿದೆ. ಮನೆ ನೆಟ್ಟಗೆ ಪೂರ್ವಕ್ಕೆ, ಓಣಿ ಮಾತ್ರ ಓರೆ. ಅಟ್ಟಣಿಗೆ ಓಣಿಯ ಗೆರೆಗೇ ಬರಬೇಕೆಂಬುದು ಮನೆಯವರ ಹಟ. ಹೀಗಾಗಿ ಗೋಡೆಗೂ ಅದಕ್ಕೂ 30 ಡಿಗ್ರಿ ಓರೆ ಬಿದ್ದಿದೆ. ಹಟ ಅವರದು, ಬಿಡು. ಆದರೆ ಗೋಡೆಗೆ ಬೋಲ್ಟ್ ಹೊಡೆದು ಚಾನಲ್ ಕೂಡಿಸಿ, ಜಂತಿಗಳನ್ನು ಓರೆಗೆ ಕೊಯ್ದು ಅದಕ್ಕೆ ವೆಲ್ಡ್ ಮಾಡುತ್ತೇನೆ ಅಂದಿದ್ದೀಯಲ್ಲ, ಅದು ಬ್ಯಾಡ.

ಕಲ್ಲು-ಮಣ್ಣಿನ ಗೋಡೆಯಲ್ಲಿ ಬೋಲ್ಟ್ ಏನನ್ನು ಕಚ್ಚೀತು? ಮೇಲಾಗಿ ಕೆಳಗೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಬಿರಿಯುತ್ತದೆ. ಹೊಸ ಕಂಬ ಒಂದಿಷ್ಟು ಅಲುಗಿದರೂ ಬಿರುಕು ಬಿಡುವುದು ಗೋಡೆ. ಅಟ್ಟಣಿಗೆ ತನ್ನ ಕಾಲ ಮೇಲೆ ತಾನೇ ನಿಲ್ಲಲಿ. ಕಂಬದ ಗುಂಡಿ ಗರಸು ಸಿಗುವವರೆಗೆ ಹೋಗಲಿ, ಗೋಡೆಯ ಬುನಾದಿ ಕೆದಕಬೇಡ. ಅದಕ್ಕೇ ಒಳಗಿನ ಸಾಲಿನ ಕಂಬಗಳನ್ನು ಗೋಡೆಯಿಂದ 2 ಫೂಟು ದೂರ ಇಡು. ಜಂತಿಗಳು ಆ ಕಂಬಗಳ ಮೇಲಿನ ತೊಲೆ ದಾಟಿ ಗೋಡೆ ಕಡೆಗೆ ಚಾಚಲಿ.

ಇನ್ನು ಓರೆಯ ಮಾತು. ಹೊರಗಿನ ಎರಡು ಮೂಲೆಗಳನ್ನು 3-4-5ರ ಲೆಕ್ಕದಲ್ಲಿ ಕಾಟಕೋನಕ್ಕೆ ತಂದು, ಒಂದೂವರೆ ಫೂಟಿಗೊಂದರಂತೆ 12 ಫೂಟು ಅಗಲಕ್ಕೆ 9 ಜಂತಿ ಹಾಕು. ಮೊದಲೇ ಕೊಯ್ಯಬೇಡ. ಎಲ್ಲವನ್ನೂ ಉದ್ದ ಬಿಟ್ಟು ತೊಲೆಯ ಮೇಲೆ ಕೂಡಿಸು. ಆಮೇಲೆ ಗೋಡೆಯಿಂದ ಒಂದಿಂಚು ಬಿಟ್ಟು ಒಂದೇ ದಾರ ಬಿಗಿದು, ಅದರ ಗುರುತಿಗೆ ಎಲ್ಲ ತುದಿ ಕೊಯ್ದು, ಉದ್ದಕ್ಕೆ ಒಂದು ಆಂಗಲ್ ಓಡಿಸು. ಹೀಗೆ ಮಾಡಿದರೆ ಭಾರ ಹೊರುವ ಒಂದು ಜೋಡಣೆಯನ್ನೂ ಓರೆಗೆ ಕೊಯ್ಯಬೇಕಾಗುವುದಿಲ್ಲ. ಹಳೆ ಗೋಡೆ ಹೊಟ್ಟೆ ಬಿಟ್ಟಿರುತ್ತದೆ, ದಾರ ಬಿಟ್ಟಿರುವುದಿಲ್ಲ.

30 ಡಿಗ್ರಿಗೆ ಪ್ರತಿ ಜಂತಿ ಹಿಂದಿನದಕ್ಕಿಂತ ಸುಮಾರು ಹತ್ತೂವರೆ ಇಂಚು ಉದ್ದ. ಗಿಡ್ಡದ್ದು 6 ಫೂಟಾದರೆ ಕೊನೆಯದು ಹತ್ತಿರಹತ್ತಿರ 13. ಎರಡೂ ಸೇರಿ 19 ಫೂಟು, 6 ಮೀಟರಿನ ಒಂದೇ ಪೈಪಿನಲ್ಲಿ ಹೊಂದುತ್ತವೆ, ಕೊಯ್ಯಲಿಕ್ಕೂ ಅರ್ಧ ಫೂಟಿನ ಮೇಲೆ ಉಳಿಯುತ್ತದೆ. ಮುಂದಿನ ಗಿಡ್ಡಕ್ಕೆ ಮುಂದಿನ ಉದ್ದ, ಹಾಗೇ ಜೋಡಿ ಮಾಡುತ್ತ ಹೋಗು. ನಡುವಿನದೊಂದೇ ಒಂಟಿ. ಅಂಗಡಿಗೆ ಹೋಗುವ ಮೊದಲು ಕೂತು ಈ ಲೆಕ್ಕ ಮಾಡು, ರೊಕ್ಕ ಉಳಿಯುವುದು ಇಲ್ಲಿಯೇ.

ಪೈಪಿನ ದಪ್ಪ ಎಷ್ಟೆಂದು ನನ್ನನ್ನು ಕೇಳಬೇಡ, ಇಂಜಿನಿಯರನ್ನು ಕೇಳು. ಮನೆಯ ಬಾಲ್ಕನಿಗೆ ನಮ್ಮ ದೇಶದ ಮಾನಕ ಹೇಳುವ ಭಾರ ಚದರ ಮೀಟರಿಗೆ ಸುಮಾರು 300 ಕಿಲೋ. ನಿನ್ನ ಅಟ್ಟಣಿಗೆಗೆ ಅದು 3 ಟನ್ನು ದಾಟುತ್ತದೆ. ಸೀಮಂತಕ್ಕೆ ಓಣಿಯೆಲ್ಲ ಹತ್ತಿ ನಿಂತಾಗ ಈ ಲೆಕ್ಕ ಉತ್ಪ್ರೇಕ್ಷೆ ಅನಿಸುವುದಿಲ್ಲ.

ಗೋಡೆಯ ಹಿಡಿತ ಇಲ್ಲದ್ದರಿಂದ ಅಟ್ಟಣಿಗೆ ಓಲಾಡುತ್ತದೆ. ಎರಡೂ ದಿಕ್ಕಿಗೆ, ಕಂಬ-ತೊಲೆಗಳ ಮೂಲೆಯಲ್ಲಿ ಓರೆ ಆಸರೆ ಕೊಡು, ಅದೂ ಮೇಲ್ಗಡೆಗೇ, ಕೆಳಗೆ ಬ್ಯಾಡ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪೇಟೆಗೇ ನುಗ್ಗಿದ್ದನ್ನು ನೀನೂ ಕಂಡವನು. ನೀರು ಬಂದರೆ ಕಬ್ಬಿನ ರವದಿ, ಮುಳ್ಳುಕಂಟಿ ಎಲ್ಲ ಕೆಳಗಿನ ಅಡ್ಡಪಟ್ಟಿಗೇ ಸಿಕ್ಕು ಕಂಬವನ್ನು ಜಗ್ಗುತ್ತವೆ.

ಒಂದಿಂಚಿನ ಸಂದಿಗೆ ತಗಡಿನ ಪಟ್ಟಿ ಹಾಕು. ಅದನ್ನು ಗೋಡೆಗಷ್ಟೇ ಹಿಡಿಸು, ಅಟ್ಟಣಿಗೆಯ ಮೇಲೆ ಸುಮ್ಮನೆ ಮಲಗಿರಲಿ. ಮೆಟ್ಟಿಲನ್ನು ಗೋಡೆ ಹತ್ತಿರದ ಚೂಪು ಮೂಲೆಗೆ ತರಬೇಡ, ಅಲ್ಲಿ ಕಾಲಿಡಲು ಜಾಗ ಸಾಲದು. ಹೊರಗಿನ ಮೂಲೆಗೆ ಇಡು, ಓಣಿಗೂ ಅದೇ ಸನಿಹ.

ಇಂತಿ,
ನಿನ್ನ ಕಾಕಾ