ಮೊದಲು ಇಬ್ಬರ ಪರೀಕ್ಷೆ, ಆಮೇಲೆ ಐವಿಎಫ್ ಮಾತು

ಪ್ರಶ್ನೆ: ನನಗೆ 31. ಪುಣೆಯ ಹಿಂಜವಡಿಯಲ್ಲಿ ಕೆಲಸ. ಒಂದೂವರೆ ವರ್ಷವಾದರೂ ಗರ್ಭ ನಿಂತಿಲ್ಲ. ಐವಿಎಫ್ ಮಾಡಿಸಿಕೊಂಡುಬಿಡು ಎನ್ನುತ್ತಾರೆ ಅತ್ತೆ. ಮುಟ್ಟಿನ ಚಕ್ರ 34 ದಿನ, 14ನೇ ದಿನವನ್ನೇ ಲೆಕ್ಕ ಹಿಡಿದು ಪ್ರಯತ್ನಿಸುತ್ತಿದ್ದೇವೆ. ರಿಪೋರ್ಟುಗಳನ್ನು ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ರಿಪೋರ್ಟುಗಳೆಲ್ಲ ನಿಮ್ಮವೇ, ಯಜಮಾನರದು ಒಂದೂ ಇಲ್ಲ! ಮೊದಲು ಅವರ ವೀರ್ಯ ಪರೀಕ್ಷೆ ಆಗಲಿ. ಖರ್ಚು ಕಡಿಮೆ, ನೋವಿಲ್ಲ, ಆದರೂ ಗಂಡಸರು ಮುಂದೂಡುವುದು ಇದನ್ನೇ.

ನೀವು 14ನೇ ದಿನವನ್ನೇ ನಂಬಿ ಕೂತಿದ್ದೀರಿ. ಅಂಡ ಬಿಡುಗಡೆಯಾಗುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅಂದರೆ ನಿಮಗೆ 20ನೇ ದಿನದ ಆಸುಪಾಸು. ಅಂಡದ ಆಯುಸ್ಸು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ 15ರಿಂದ 21ನೇ ದಿನದವರೆಗೆ ದಿನ ಬಿಟ್ಟು ದಿನ ಕೂಡಿದರೆ ಸಾಕು.

ಜೊತೆಗೆ ಥೈರಾಯ್ಡ್, ಅಂಡನಾಳದ ಪರೀಕ್ಷೆಯೂ ಆಗಲಿ. ನಾಳ ತೆರೆದಿದ್ದು ವೀರ್ಯಾಣು ಸ್ವಲ್ಪವೇ ಕಡಿಮೆಯಿದ್ದರೆ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ವಿಧಾನ) ಪ್ರಯತ್ನಿಸಬಹುದು. ಎರಡೂ ನಾಳ ಮುಚ್ಚಿದ್ದರೆ ಐವಿಎಫ್ ಸರಿಯಾದ ದಾರಿ.

ಕ್ಲಿನಿಕ್ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ. ‘ಗಂಡುಮಗು ಗ್ಯಾರಂಟಿ’ ಎಂದರೆ ಎದ್ದು ಬನ್ನಿ, ಅದು ಅಪರಾಧ.