ತಾಯ್ನುಡಿಯ ಬಂಡವಾಳ

ಕ್ಯೂಬಾ ಒಂದು ದ್ವೀಪರಾಷ್ಟ್ರ. ಅದಕ್ಕೂ ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಗೂ ನಡುವೆ ಇರುವ ಕಡಲಿನ ಅಗಲ ಸುಮಾರು 90 ಮೈಲಿ ಮಾತ್ರ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಯಿತು. ಫಿಡೆಲ್ ಕ್ಯಾಸ್ಟ್ರೊ ಅವರ ಹೊಸ ಸರ್ಕಾರವು ಖಾಸಗಿ ಉದ್ಯಮಗಳನ್ನು ವಶಪಡಿಸಿಕೊಳ್ಳತೊಡಗಿದಾಗ, ಸಾವಿರಾರು ಕುಟುಂಬಗಳು ಮನೆಮಠಗಳನ್ನು ತೊರೆದು ಫ್ಲಾರಿಡಾದ ಮಯಾಮಿ ನಗರವನ್ನು ಸೇರಿದವು. ವೈದ್ಯರು, ವಕೀಲರು ಸಹ ಹೊಟ್ಟೆಪಾಡಿಗಾಗಿ ಸಿಕ್ಕ ಕೆಲಸಕ್ಕೆ ಕೈಹಚ್ಚಬೇಕಾಯಿತು. ಹಾಗೆ ಬಂದವರಲ್ಲಿ ತೆರೇಸಾ ಜುಬಿಜರೆಟಾ ಎಂಬ ತರುಣಿಯೂ ಒಬ್ಬರು.

ತೆರೇಸಾ ಅವರು ಮಯಾಮಿಯ ಜಾಹೀರಾತು ಕಚೇರಿಯೊಂದರಲ್ಲಿ ಕಾರ್ಯದರ್ಶಿನಿಯಾಗಿ ಸೇರಿ, ಆ ವೃತ್ತಿಯ ಒಳಹೊರಗನ್ನು ಅರಿತರು. ಅಂದು ಅಮೆರಿಕದ ಕಂಪನಿಗಳಲ್ಲಿ ಅನೇಕವು, ಇಂಗ್ಲಿಷಿನಲ್ಲಿ ಸಿದ್ಧವಾದ ಜಾಹೀರಾತನ್ನು ಸ್ಪ್ಯಾನಿಷ್ ಭಾಷೆಗೆ ತರ್ಜುಮೆ ಮಾಡಿಸಿದರೆ ಸಾಕೆಂದು ಭಾವಿಸಿದ್ದವು. ಆದರೆ ಭಾಷೆಯೆಂಬುದು ಕೇವಲ ಪದಗಳ ರಾಶಿಯಲ್ಲ. ಇಂಗ್ಲಿಷಿನಲ್ಲಿ ಎದುರಿಗಿರುವವರನ್ನು ಕರೆಯಲು ಒಂದೇ ಸರ್ವನಾಮವಿದೆ. ಸ್ಪ್ಯಾನಿಷಿನಲ್ಲಿಯಾದರೋ, ನಮ್ಮ 'ನೀನು', 'ನೀವು'ಗಳಂತೆ, ಸಲಿಗೆಗೆ ಒಂದು, ಗೌರವಕ್ಕೆ ಒಂದು ರೂಪವಿದೆ. ಹಿರಿಯರನ್ನು ಏಕವಚನದಲ್ಲಿ ಕರೆದ ಜಾಹೀರಾತು ಯಾರ ಮನಸ್ಸನ್ನು ಗೆದ್ದೀತು? ಅಷ್ಟೇ ಅಲ್ಲ, 'ಗುವಾಗುವಾ' ಎಂದರೆ ಕ್ಯೂಬಾದವರಿಗೆ ಬಸ್ಸು, ಚಿಲಿ ದೇಶದವರಿಗೆ ಹಸುಗೂಸು!

ಈ ಒಳಮರ್ಮವನ್ನು ಬಲ್ಲವರಿಗೆ ಅಲ್ಲಿ ದೊಡ್ಡ ಕಾರ್ಯಕ್ಷೇತ್ರವಿತ್ತು. 1976ರಲ್ಲಿ ತೆರೇಸಾ ಅವರು ಸ್ಪ್ಯಾನಿಷ್ ಭಾಷಿಕರಿಗಾಗಿ ಜಾಹೀರಾತುಗಳನ್ನು ರಚಿಸುವ 'ಜುಬಿ' ಸಂಸ್ಥೆಯನ್ನು ಸ್ಥಾಪಿಸಿದರು.

ಕಾಲ ಅನುಕೂಲವಾಗಿರಲಿಲ್ಲ. ಮಯಾಮಿಯಿರುವ ಡೇಡ್ ಜಿಲ್ಲೆಯ ಆಡಳಿತವು 1973ರಲ್ಲಿ ತನ್ನನ್ನು ದ್ವಿಭಾಷಾ ಜಿಲ್ಲೆಯೆಂದು ಘೋಷಿಸಿತ್ತು. 1980ರಲ್ಲಿ ಸುಮಾರು 1,25,000 ನಿರಾಶ್ರಿತರು ಕ್ಯೂಬಾದಿಂದ ದೋಣಿಗಳಲ್ಲಿ ಫ್ಲಾರಿಡಾಕ್ಕೆ ಬಂದಿಳಿದರು. ಸ್ಥಳೀಯರಲ್ಲಿ ಅಸಮಾಧಾನ ಹೆಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿಯ ಮತದಾರರು, ಇಂಗ್ಲಿಷಲ್ಲದ ಭಾಷೆಯ ಬಳಕೆಗೆ ಜಿಲ್ಲೆಯ ಹಣವನ್ನು ವೆಚ್ಚ ಮಾಡಕೂಡದೆಂಬ ನಿಯಮಕ್ಕೆ ಬಹುಮತ ನೀಡಿದರು. ಆ ನಿಯಮವು ರದ್ದಾದದ್ದು 1993ರಲ್ಲಿ.

ಕಚೇರಿಯಲ್ಲಿ ಬಾಗಿಲು ಮುಚ್ಚಿದ ಭಾಷೆಗೆ ಮಾರುಕಟ್ಟೆಯಲ್ಲಿ ಬಾಗಿಲು ತೆರೆಯಿತು. 1980ರ ಜನಗಣತಿಯು ದೇಶದಲ್ಲಿ ಲ್ಯಾಟಿನ್ ಅಮೆರಿಕ ಮತ್ತು ಸ್ಪೇನ್ ಮೂಲದವರು ಸುಮಾರು 1.46 ಕೋಟಿ ಇರುವರೆಂದು ತೋರಿಸಿತು; 2020ರ ಗಣತಿಯಲ್ಲಿ ಆ ಸಂಖ್ಯೆ 6.2 ಕೋಟಿಯನ್ನು ತಲುಪಿತು. ಇಷ್ಟು ಜನರನ್ನು ಯಾವ ವ್ಯಾಪಾರಿ ತಾನೇ ಕಡೆಗಣಿಸಬಲ್ಲನು? ಫೋರ್ಡ್ ಮೋಟಾರು ಕಂಪನಿಯಂತಹ ಬೃಹತ್ ಸಂಸ್ಥೆಗಳು ಜುಬಿಯ ನೆರವನ್ನು ಕೋರಿದವು. ತೆರೇಸಾ ಅವರು 2007ರಲ್ಲಿ ನಿಧನರಾದರು. ಅನಂತರ ಅವರ ಮಕ್ಕಳು ಸಂಸ್ಥೆಯನ್ನು ಮುನ್ನಡೆಸಿದರು.

ಸರಕನ್ನು ಮಾರುವುದೇ ಜಾಹೀರಾತಿನ ಗುರಿ. ಅದು ಸಮಾಜಸೇವೆಯಲ್ಲ, ನಿಜ. ಆದರೂ ಕೊಳ್ಳುವವನನ್ನು ಅವನ ನುಡಿಯಲ್ಲಿ, ಅವನಿಗೆ ಸಲ್ಲುವ ಗೌರವದಿಂದ ಮಾತನಾಡಿಸಬೇಕೆಂಬುದನ್ನು ಆ ವೃತ್ತಿಯೂ ಕಲಿಯಬೇಕಾಯಿತು. ಆಸ್ತಿಪಾಸ್ತಿಗಳನ್ನು ಕಳೆದುಕೊಂಡು ಬಂದವರು ಕಳೆದುಕೊಳ್ಳದೆ ತಂದ ಸಂಪತ್ತು ಒಂದಿತ್ತು. ಅದು ಅವರ ತಾಯ್ನುಡಿ.