ಕುಬಸದ ದಿನವೇ ಚೀಲ ಸಿದ್ಧವಾಗಲಿ

ಮಹಿಳಾ ಹಾಲು ಉತ್ಪಾದಕರ ಸಂಘಗಳಿಗೆ ಅಧ್ಯಯನ ಪಾಠ



ಬಳಗಾನೂರು ಸುತ್ತಿನ ಯಾವ ಹಾಲು ಉತ್ಪಾದಕರನ್ನಾದರೂ ಕೇಳಿ, ತಮ್ಮ ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ದಿನ ಯಾವುದೆಂದು ಹೇಳುತ್ತಾರೆ. ಹಸುವಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಕರು ಹಾಕಲು ಎರಡು ತಿಂಗಳಿರುವಾಗಲೇ ಹಾಲು ಬತ್ತಿಸುತ್ತೇವೆ. ದಿನ ಹತ್ತಿರ ಬಂದರೆ ಕೊಟ್ಟಿಗೆಯ ಒಂದು ಮೂಲೆ ಗುಡಿಸಿ ಒಣಹುಲ್ಲು ಹಾಸುತ್ತೇವೆ, ಅಯೋಡಿನ್ ತಂದಿಡುತ್ತೇವೆ, ಪಶುವೈದ್ಯರ ಫೋನ್ ನಂಬರ್ ಗೋಡೆಗೆ ಬರೆದಿಡುತ್ತೇವೆ.

ಮನೆಮಗಳ ಹೆರಿಗೆಗೆ ಇಷ್ಟೇ ಮುಂಚಿತವಾಗಿ ಅಣಿಯಾಗುವ ಮನೆಗಳು ಕಡಿಮೆ. ನೋವು ಶುರುವಾದ ಮೇಲೆ ಟ್ರಂಕ್ ತೆಗೆದು ಆಧಾರ್ ಹುಡುಕುವುದು, ಮಧ್ಯರಾತ್ರಿ ಪಕ್ಕದ ಮನೆಯಲ್ಲಿ ಹಣ ಕೇಳುವುದು, ತಾಯಿ ಕಾರ್ಡ್ ಗಂಡನ ಮನೆಯಲ್ಲೇ ಉಳಿದಿದೆ ಎಂದು ಆಸ್ಪತ್ರೆ ಬಾಗಿಲಲ್ಲಿ ನೆನಪಾಗುವುದು ಇಂದಿಗೂ ನಡೆದಿದೆ. ಈ ಗಡಿಬಿಡಿಯಲ್ಲಿ ಹೋಗುವ ಅರ್ಧ ಗಂಟೆ ಕೆಲವೊಮ್ಮೆ ತಾಯಿಯ ಜೀವಕ್ಕೆ ಬೇಕಾಗಿದ್ದ ಅರ್ಧ ಗಂಟೆಯಾಗಿರುತ್ತದೆ. ಹೆರಿಗೆಯ ನಂತರ ಅತಿಯಾಗಿ ರಕ್ತಸ್ರಾವವಾಗಿ ಚಿಕಿತ್ಸೆ ಸಿಗದೆ ಹೋದರೆ ಸುಮಾರು ಎರಡು ಗಂಟೆಯಲ್ಲೇ ಪ್ರಾಣಾಪಾಯವಾಗಬಹುದು. ಆದ್ದರಿಂದ ಈ ತಿಂಗಳ ಪಾಠ ಹೆರಿಗೆ ಚೀಲದ ಬಗ್ಗೆ.

ಯಾವಾಗ ಕಟ್ಟಿಡಬೇಕು?

ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಸುಲಭ ಲೆಕ್ಕವೆಂದರೆ ಆ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸುವುದು. ಜೂನ್ 10ರಂದು ಮುಟ್ಟಾಗಿದ್ದರೆ ಮಾರ್ಚ್ 17 ಅಂದಾಜು ದಿನ. ಇದು ಅಂದಾಜು ಮಾತ್ರ. ಹಸು ನಾಲ್ಕು ದಿನ ಹಿಂದೆ ಮುಂದೆ ಕರು ಹಾಕುವಂತೆ ಹೆರಿಗೆಯೂ ಹಿಂದೆ ಮುಂದೆ ಆಗುತ್ತದೆ. 37 ವಾರ ತುಂಬುವ ಮೊದಲೇ ಹುಟ್ಟುವ ಮಕ್ಕಳೂ ಇದ್ದಾರೆ. ಹಾಗಾಗಿ ಏಳು ತಿಂಗಳು ತುಂಬುತ್ತಿದ್ದಂತೆ ಚೀಲ ಸಿದ್ಧವಾಗಿರಬೇಕು.

ನಮ್ಮ ಭಾಗದಲ್ಲಿ ಇದಕ್ಕೆ ಒಳ್ಳೆಯ ನೆನಪಿನ ದಿನವೊಂದಿದೆ. ಅದೇ ಕುಬಸ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುತ್ತೇವೆ. ಬುತ್ತಿ ಕಟ್ಟುವುದನ್ನು ಯಾರೂ ಮರೆಯುವುದಿಲ್ಲ. ಕಾಗದಪತ್ರ ಕಟ್ಟುವುದನ್ನು ಮಾತ್ರ ಮರೆಯುತ್ತೇವೆ. ಗಂಡನ ಮನೆ ಲಿಂಗಸುಗೂರು ಕಡೆ, ತವರು ಸಿಂಧನೂರು ಕಡೆ ಇದ್ದರೆ ಅಪರಾತ್ರಿಯಲ್ಲಿ ಒಂದು ಕಾರ್ಡಿಗಾಗಿ ಯಾರು ಓಡಬೇಕು? ಕುಬಸದ ದಿನ ಉಡಿ ತುಂಬುವಾಗಲೇ ಅತ್ತೆಯವರು ಕಾಗದಗಳ ಚೀಲವನ್ನೂ ಸೊಸೆಯ ಕೈಗೆ ಕೊಡಲಿ. ಒಂಬತ್ತನೆಯ ತಿಂಗಳಲ್ಲಿ ಕುಬಸ ಮಾಡುವ ಮನೆಗಳು ಅಲ್ಲಿಯವರೆಗೆ ಕಾಯದೆ ಏಳರಲ್ಲೇ ಚೀಲ ಕಟ್ಟಿಡಿ.

"ಹುಟ್ಟುವ ಮೊದಲೇ ಕೂಸಿಗೆ ಬಟ್ಟೆ ತರಬಾರದು" ಎಂದು ಹಿರಿಯರು ಹೇಳುವುದುಂಟು. ಅವರ ಮಾತು ಮೀರುವ ಅಗತ್ಯವೇ ಇಲ್ಲ. ಕೂಸಿನ ಮೈಗೆ ಹೊಸ ಬಟ್ಟೆಗಿಂತ ಅಜ್ಜಿಯ ಹಳೆಯ ನೂಲಿನ ಸೀರೆ, ಅಜ್ಜನ ಧೋತರವೇ ಮೆತ್ತಗೆ. ಅವನ್ನು ಹರಿದು, ಸೋಪಿನಲ್ಲಿ ಒಗೆದು, ಚುರುಕು ಬಿಸಿಲಿನಲ್ಲಿ ಒಣಗಿಸಿ, ಶುದ್ಧವಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹೊಸದೇನೂ ತಂದಂತಾಗುವುದಿಲ್ಲ, ಕೂಸಿಗೆ ಬೇಕಾದದ್ದೂ ಸಿದ್ಧವಾಗಿರುತ್ತದೆ.

ಮೊದಲ ಗಂಟು: ಕಾಗದಪತ್ರ

ನೀರು ತಾಗದ ಒಂದು ಕವರಿನಲ್ಲಿ ಇವೆಲ್ಲ ಒಟ್ಟಿಗೆ ಇರಲಿ:

1. ತಾಯಿ ಕಾರ್ಡ್. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಹಿಂದಿನ ಹೆರಿಗೆಯ ವಿವರ ಎಲ್ಲವೂ ಇದರಲ್ಲಿರುತ್ತದೆ. ನಿಮ್ಮನ್ನು ಹಿಂದೆಂದೂ ನೋಡಿರದ ರಾತ್ರಿ ಪಾಳಿಯ ವೈದ್ಯರಿಗೆ ಈ ಕಾರ್ಡೇ ನಿಮ್ಮ ಒಂಬತ್ತು ತಿಂಗಳ ಕಥೆ ಹೇಳುತ್ತದೆ.
2. ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ವರದಿಗಳು, ಸೇವಿಸುತ್ತಿರುವ ಮಾತ್ರೆಗಳ ಚೀಟಿ.
3. ತಾಯಿ ಮತ್ತು ತಂದೆಯ ಆಧಾರ್ ಕಾರ್ಡ್, ಪಡಿತರ ಚೀಟಿ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣಪತ್ರ. ಇವುಗಳ ಜೆರಾಕ್ಸ್ ಎರಡೆರಡು ಪ್ರತಿ.
4. ತಾಯಿಯ ಹೆಸರಿನಲ್ಲೇ ಇರುವ ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ.
5. ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದ ಫೋನ್ ನಂಬರ್‌ಗಳು: ಆಶಾ ಕಾರ್ಯಕರ್ತೆ, ಗಂಡ, ತವರುಮನೆ, ಬಾಡಿಗೆ ವಾಹನದವರು, 108.

ನಾಲ್ಕನೆಯದನ್ನು ಗಮನಿಸಿ. ಹಾಲಿನ ಬಟವಾಡೆ ಗಂಡನ ಖಾತೆಗೋ ಮಾವನ ಖಾತೆಗೋ ಹೋಗುತ್ತಿರಬಹುದು. ಸರ್ಕಾರದ ಹೆರಿಗೆ ಸಹಾಯಧನ ಬರುವುದು ತಾಯಿಯ ಖಾತೆಗೆ. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮ ರಾಜ್ಯದ ಹಳ್ಳಿಗಳ ಬಿಪಿಎಲ್ ಹಾಗೂ ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ 700 ರೂಪಾಯಿ ನಿಗದಿಯಾಗಿದೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000 ರೂಪಾಯಿ ಇದೆ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಈಗಲೇ ಬ್ಯಾಂಕಿನಲ್ಲಿ ವಿಚಾರಿಸಿ.

ಆಧಾರ್ ಇನ್ನೊಂದು ಕೆಲಸಕ್ಕೂ ಬೇಕು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತಂದೆತಾಯಿಯ ಹೆಸರನ್ನು ಬಾಯಿಮಾತಿನಲ್ಲಿ ಬರೆಸಿ ತಪ್ಪಾದರೆ, ಮಗು ಶಾಲೆಗೆ ಸೇರುವಾಗ ಅಲೆದಾಟ ತಪ್ಪದು.

ಎರಡನೆಯ ಗಂಟು: ತಾಯಿಗೆ

1. ಮುಂದೆ ಗುಂಡಿ ಇರುವ ಸಡಿಲ ನೈಟಿ ಅಥವಾ ರವಿಕೆ ಮೂರು, ಹಳೆಯ ನೂಲಿನ ಸೀರೆ ಎರಡು, ಲಂಗ ಎರಡು, ಒಳ ಉಡುಪು.
2. ದೊಡ್ಡ ಅಳತೆಯ ಸ್ಯಾನಿಟರಿ ಪ್ಯಾಡ್ ಎರಡು ಪೊಟ್ಟಣ. ಬಟ್ಟೆ ಬಳಸುವವರು ಬಿಸಿಲಲ್ಲಿ ಒಣಗಿಸಿದ್ದನ್ನೇ ತನ್ನಿ. ಸಂದಿಯಲ್ಲಿ, ನೆರಳಲ್ಲಿ ಒಣಗಿದ ಬಟ್ಟೆ ಸೋಂಕಿಗೆ ದಾರಿ.
3. ಎರಡು ಹಾಸುಬಟ್ಟೆ, ಒಂದು ಹೊದಿಕೆ, ಟವೆಲ್, ಜಾರದ ಚಪ್ಪಲಿ.
4. ಸೋಪು, ಹಲ್ಲುಜ್ಜುವ ಬ್ರಷ್, ಪೇಸ್ಟ್, ಬಾಚಣಿಗೆ.
5. ತಟ್ಟೆ, ಲೋಟ, ಚಮಚ, ಬಿಸಿನೀರಿಗೆ ಫ್ಲಾಸ್ಕ್.
6. ಕೊಳೆ ಬಟ್ಟೆ ತುಂಬಲು ಬೇರೆ ಚೀಲ.

ಬಂಗಾರ, ಬೆಳ್ಳಿ ಮನೆಯಲ್ಲೇ ಇರಲಿ. ಸಹಜ ಹೆರಿಗೆಯಾದರೂ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿ ಇರಬೇಕು ಎಂಬ ಲೆಕ್ಕದಲ್ಲೇ ಬಟ್ಟೆ ಇಡಿ. ಹೆರಿಗೆಯಾದ ಸಂಜೆಯೇ "ಮನೆಗೆ ಕಳಿಸಿ, ದನಕ್ಕೆ ಯಾರಿಲ್ಲ" ಎಂದು ಒತ್ತಾಯಿಸಬೇಡಿ. ರಕ್ತಸ್ರಾವದ ಅಪಾಯ ಹೆಚ್ಚಿರುವುದು ಮೊದಲ 24 ಗಂಟೆಯಲ್ಲಿ.

ಮೂರನೆಯ ಗಂಟು: ಕೂಸಿಗೆ

1. ಮೆತ್ತನೆಯ ನೂಲಿನ ಬಟ್ಟೆ ತುಂಡುಗಳು ಹತ್ತು ಹನ್ನೆರಡು.
2. ಮೈ ಸುತ್ತಲು ದೊಡ್ಡ ಬಟ್ಟೆ ಮೂರು, ಒಂದು ಸಣ್ಣ ಕೌದಿ.
3. ಕುಲಾಯಿ ಎರಡು, ಕಾಲುಚೀಲ ಎರಡು ಜೊತೆ, ಕಟ್ಟುವ ಅಂಗಿ ನಾಲ್ಕು.

ನಮ್ಮದು ಬಿಸಿಲ ನಾಡು, ಕುಲಾಯಿ ಯಾಕೆ ಎಂದು ಕೇಳಬಹುದು. ಈಗಷ್ಟೇ ಹುಟ್ಟಿದ ಕೂಸಿನ ಮೈ ಒದ್ದೆಯಾಗಿರುತ್ತದೆ, ತಲೆ ದೊಡ್ಡದು. ಶಾಖ ತಲೆಯಿಂದ ಬೇಗ ಹೋಗುತ್ತದೆ. ಮೊದಲ ದಿನ ಸ್ನಾನ ಬೇಡ, ಒರೆಸಿ ತಾಯಿಯ ಎದೆಗೆ ಹಚ್ಚಿ ಮಲಗಿಸಿದರೆ ಸಾಕು. ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಕೂಸಿಗೆ ಇದು ಇನ್ನೂ ಮುಖ್ಯ. ಕಡು ಬೇಸಿಗೆಯಲ್ಲಿ ಮಾತ್ರ ನಾಲ್ಕೈದು ಪದರ ಸುತ್ತಿ ಬೇಯಿಸಬೇಡಿ. ಮೈ ಮುಟ್ಟಿ ನೋಡಿ, ಹದವಾಗಿ ಹೊದಿಸಿ.

ಈ ಗಂಟಿನಲ್ಲಿ ಇರಬಾರದ್ದೂ ಇವೆ: ಹಾಲುಣಿಸುವ ಬಾಟಲಿ, ಜೇನುತುಪ್ಪ, ಸಕ್ಕರೆ ನೀರು, ಔಡಲ ಎಣ್ಣೆ, ಕಾಡಿಗೆ. ಕರು ಬಿದ್ದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಬೇಕೆಂದು ನಮ್ಮ ಸಂಘಗಳಲ್ಲಿ ಎಷ್ಟು ಸಲ ಪಾಠವಾಗಿದೆ! ಕೂಸಿಗೂ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲು ಬೇಕು. ಆ ಹಳದಿ ಹಾಲನ್ನು "ಕೆಟ್ಟದ್ದು" ಎಂದು ಹಿಂಡಿ ಚೆಲ್ಲುವುದು ದೊಡ್ಡ ನಷ್ಟ. ಸಿಸೇರಿಯನ್ ಆದವರೂ ನರ್ಸ್ ಸಹಾಯದಿಂದ ಬೇಗ ಉಣಿಸಬಹುದು. ಹಾಲು ಮಾರುವ ನಾವೇ ಈ ಮಾತನ್ನೂ ಹೇಳಬೇಕು: ಆರು ತಿಂಗಳು ತುಂಬುವವರೆಗೆ ಕೂಸಿಗೆ ಹಸುವಿನ ಹಾಲೂ ಬೇಡ, ಎಮ್ಮೆ ಹಾಲೂ ಬೇಡ, ನೀರೂ ಬೇಡ. ತಾಯಿಯ ಹಾಲೊಂದೇ ಸಾಕು.

ನಾಲ್ಕನೆಯ ಗಂಟು: ಜೊತೆಗೆ ಹೋಗುವವರಿಗೆ

ಮೊಬೈಲ್ ಚಾರ್ಜರ್, ಒಂದು ಜೊತೆ ಬಟ್ಟೆ, ಚಾದರ, ಕುಡಿಯುವ ನೀರು, ಎರಡು ಹೊತ್ತಿನ ರೊಟ್ಟಿ ಬುತ್ತಿ, ಸಣ್ಣ ನೋಟುಗಳಲ್ಲಿ ಹಣ. 2011ರ ಜೂನ್ 1ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ತಾಯಿಯ ಊಟ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ಆದರೂ ಜೊತೆಗಿರುವವರ ಖರ್ಚು ಇದ್ದೇ ಇರುತ್ತದೆ. ಐದನೆಯ ತಿಂಗಳಿಂದಲೇ ಪ್ರತಿ ಬಟವಾಡೆಯಲ್ಲಿ ಸ್ವಲ್ಪ ತೆಗೆದು ಈ ಗಂಟಿನಲ್ಲಿಡಿ.

ರಾಜ್ಯ ಸರ್ಕಾರ 2007ರಲ್ಲಿ ಬಡ ಬಾಣಂತಿಯರಿಗಾಗಿ ಮಡಿಲು ಕಿಟ್ ಯೋಜನೆ ತಂದಿತು. ಆಸ್ಪತ್ರೆಯಲ್ಲಿ ಅಂಥ ಕಿಟ್ ಸಿಕ್ಕರೆ ಸಂತೋಷದಿಂದ ಪಡೆಯಿರಿ. ಅದನ್ನೇ ನಂಬಿ ಬರಿಗೈಯಲ್ಲಿ ಹೋಗಬೇಡಿ.

ರಕ್ತ ಕೊಡಬಲ್ಲ ಇಬ್ಬರು ಆರೋಗ್ಯವಂತರನ್ನು ಮೊದಲೇ ಗೊತ್ತು ಮಾಡಿಕೊಂಡು ಅವರ ಫೋನ್ ನಂಬರನ್ನೂ ಬರೆದಿಡಿ.

ದಾರಿಯೂ ಚೀಲದ ಭಾಗವೇ

108 ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಕರೆ ಮಾಡುವಾಗ ಊರು, ಓಣಿ, ಗುರುತಿನ ಜಾಗ ಸ್ಪಷ್ಟವಾಗಿ ಹೇಳಿ. ಕ್ಯಾಂಪುಗಳಲ್ಲಿ, ಹೊಲದ ಮನೆಗಳಲ್ಲಿ ಇರುವವರಿಗೆ ಒಂದು ಮಾತು. ಮಳೆ ಬಿದ್ದರೆ ಎರೆ ಹೊಲದ ದಾರಿಯಲ್ಲಿ ಗಾಡಿ ಹೂತುಹೋಗುತ್ತದೆ. ಮಳೆಗಾಲದಲ್ಲಿ ದಿನ ಬಿದ್ದಿದ್ದರೆ ಎರಡು ವಾರ ಮೊದಲೇ ಡಾಂಬರು ರಸ್ತೆಯ ಬದಿಯ ನೆಂಟರ ಮನೆಗೆ ಬಂದು ಇರುವುದು ಲೇಸು. ರಕ್ತಹೀನತೆ, ರಕ್ತದೊತ್ತಡ, ಅವಳಿ ಮಕ್ಕಳು, ಹಿಂದೆ ಸಿಸೇರಿಯನ್ ಆಗಿದ್ದರೆ ಯಾವ ಆಸ್ಪತ್ರೆಗೆ ಹೋಗಬೇಕೆಂದು ವೈದ್ಯರನ್ನು ಮೊದಲೇ ಕೇಳಿ. ಸಿಂಧನೂರು, ಲಿಂಗಸುಗೂರು ತಾಲ್ಲೂಕು ಆಸ್ಪತ್ರೆಯೇ ಸಾಕೇ, ರಾಯಚೂರಿನ ರಿಮ್ಸ್‌ಗೆ ಹೋಗಬೇಕೇ ಎಂಬುದು ಆ ರಾತ್ರಿ ತೀರ್ಮಾನಿಸುವ ವಿಷಯವಲ್ಲ.

ಇವು ಕಂಡರೆ ಚೀಲ ಹಿಡಿದು ಕೂಡಲೇ ಹೊರಡಿ: ರಕ್ತ ಕಾಣಿಸುವುದು, ನೀರು ಒಡೆಯುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ಕೂಸಿನ ಹೊರಳಾಟ ಕಡಿಮೆಯಾಗುವುದು. ದಿನ ತುಂಬಿಲ್ಲ ಎಂದು ಕಾಯಬೇಡಿ.

ಕೊಟ್ಟಿಗೆಯ ಜವಾಬ್ದಾರಿ ಯಾರಿಗೆ?

ಎಷ್ಟೋ ಮನೆಗಳಲ್ಲಿ ಹಾಲು ಹಿಂಡುವ ಕೈ ಅವಳದೇ. ಹೊಸ ಕೈಗೆ ಹಸು ಸೊರೆ ಬಿಡುವುದಿಲ್ಲ. ಹದಿನೈದು ದಿನ ಮೊದಲೇ ಗಂಡನೋ ಅತ್ತೆಯೋ ಮೈದುನನೋ ಜೊತೆಗೆ ಕೂತು ಹಿಂಡಲು ಶುರು ಮಾಡಲಿ. ಪಶು ಆಹಾರದ ಅಳತೆ, ಖನಿಜ ಮಿಶ್ರಣ, ಬೆದೆಗೆ ಬರಬೇಕಾದ ಹಸುವಿನ ದಿನ, ಸಂಘದ ಹಾಲಿನ ಪುಸ್ತಕ ಇರುವ ಜಾಗ ಎಲ್ಲವೂ ಅವರಿಗೆ ಗೊತ್ತಿರಲಿ. ಕೊಟ್ಟಿಗೆಯ ಚಿಂತೆ ಇಲ್ಲದ ತಾಯಿ ಆಸ್ಪತ್ರೆಯಲ್ಲಿ ನೆಮ್ಮದಿಯಿಂದ ಎರಡು ದಿನ ಇರುತ್ತಾಳೆ.

ಗರ್ಭಿಣಿಯರು ಕಂದು ಹಾಕಿದ ಹಸುವಿನ ಕಂದನ್ನಾಗಲಿ, ಕಸವನ್ನಾಗಲಿ ಮುಟ್ಟಬಾರದು. ಬ್ರುಸೆಲ್ಲಾ ರೋಗ ದನದಿಂದ ಮನುಷ್ಯರಿಗೂ ಬರುತ್ತದೆ. ಹಸಿ ಹಾಲು ಕುಡಿಯದೆ ಕಾಯಿಸಿಯೇ ಕುಡಿಯಿರಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಹಾಕಿಸಿ. ಬಾಣಂತಿ ಮನೆಗೆ ಬಂದ ಮೇಲೆ ಕೊಟ್ಟಿಗೆಯಿಂದ ಬಂದವರು ಸೋಪಿನಿಂದ ಕೈ ತೊಳೆದೇ ಕೂಸನ್ನು ಎತ್ತಿಕೊಳ್ಳಲಿ. ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚುವುದು ಧನುರ್ವಾಯುವನ್ನು ಕರೆದಂತೆ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಈಗ ಏಳು ತಿಂಗಳು ತುಂಬಿದ ಗರ್ಭಿಣಿಯರು ಎಷ್ಟು ಮಂದಿ? ಅವರ ಚೀಲ ಸಿದ್ಧವಿದೆಯೇ?
2. ತಾಯಿಯ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಲ್ಲದವರು ಯಾರು?
3. ರಾತ್ರಿ ವೇಳೆ ವಾಹನ ಕೊಡಬಲ್ಲವರು ನಮ್ಮೂರಿನಲ್ಲಿ ಯಾರು?
4. ಒಬ್ಬ ಸದಸ್ಯೆ ಹೆರಿಗೆಗೆ ಹೋದಾಗ ಅವಳ ಮನೆಯ ಹಾಲನ್ನು ಸಂಘಕ್ಕೆ ತರುವವರು ಯಾರು?

ಚೀಲ ಕಟ್ಟಿದ ಮೇಲೆ ಬಾಗಿಲ ಹತ್ತಿರದ ಗೂಟಕ್ಕೆ ತೂಗುಹಾಕಿ, ಮನೆಯ ಎಲ್ಲರಿಗೂ ತೋರಿಸಿ. ಕತ್ತಲಲ್ಲೂ ಕೈಗೆ ಸಿಗುವಂತಿರಲಿ.